ಕಂಪೌಂಡರನ ಪಾಳಿ

ವೈದ್ಯಸೇವೆ ಎನ್ನುವುದು ರಕ್ತದಲ್ಲೇ ಹರಿದುಬರುವ ಪುಣ್ಯ. ನಮ್ಮ ಮನೆತನದಲ್ಲಿ ಅದು ಡಾಕ್ಟರರ ಕುರ್ಚಿಯ ಪಕ್ಕದವರೆಗೆ ಮಾತ್ರ ಹರಿದು ಬಂತು. ಕೂರುವ ಯೋಗ ಯಾರಿಗೂ ಬರಲಿಲ್ಲ.

ಅಪ್ಪ ಸಿಂದಗಿಯ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಔಷಧಿ ಬೆರೆಸುವುದು, ಸೂಜಿ ಚುಚ್ಚುವುದು ಕೆಲಸ. ಬಾಗಿಲಲ್ಲಿ ನಿಂತು ರೋಗಿಗಳ ಪಾಳಿ ತಪ್ಪದಂತೆ ಕಾಯುವುದು ಧರ್ಮ. ಗೌಡರು ಬಂದರೂ ಬೀಗರು ಬಂದರೂ ಬೆಂಚಿನ ಮೇಲೆ ಕೂರಬೇಕು. ಒಮ್ಮೆ ಜ್ವರ ಬಂದ ನನ್ನನ್ನೂ ಕೂರಿಸಿದ್ದರು. ನನ್ನ ಪಾಳಿ ಬರುವಷ್ಟರಲ್ಲಿ ಜ್ವರವೇ ಬೇಸತ್ತು ಇಳಿದುಹೋಗಿತ್ತು.

ನನ್ನ ಮಗಳು ಓದಿದ್ದು ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸು. ಬಸವನ ಬಾಗೇವಾಡಿಯ ಆಸ್ಪತ್ರೆಯಲ್ಲಿ ಡಾಕ್ಟರರಿಗಿಂತ ಮೊದಲು ರೋಗಿಯನ್ನು ನೋಡಿ, ವಿಚಾರಿಸಿ, ಯಾವುದು ಅವಸರದ್ದೆಂದು ತಿಳಿಸುವವಳು ಅವಳು.

"ಅಂದ್ರ ಕಂಪೌಂಡರ್ ಅನ್ನು," ಎಂದಿದ್ದರು ಅಪ್ಪ.

"ಅಲ್ರಿ ಮುತ್ಯಾ, ಡಿಗ್ರಿ ಐತಿ."

"ಹಂಗಾದ್ರ ಓದಿದ ಕಂಪೌಂಡರ್."

ಕಳೆದ ಬೇಸಿಗೆ ಅವಳ ಬಾಡಿಗೆ ಮನೆಗೆ ಹೋಗಿದ್ದಾಗ ಅಪ್ಪನಿಗೆ ಎದೆ ಹಿಡಿಯಿತು. ಅವಳಿದ್ದ ಆಸ್ಪತ್ರೆಗೇ ಕರೆದೊಯ್ದೆ. ಡಾಕ್ಟರರು ಒಳಗೆ ಹೆರಿಗೆಯ ಆಪರೇಷನ್‌ನಲ್ಲಿದ್ದರು. ಹೊರಗೆ ಬೆಂಚಿನ ತುಂಬ ಜನ. ಅಪ್ಪ ಕೊನೆಯಲ್ಲಿ ಜಾಗ ಹುಡುಕಿ ಕೂತರು. ಅವರ ಮುಖ ನೋಡಿದವಳೇ ಮಗಳು ಓಡಿ ಬಂದಳು.

"ಮುತ್ಯಾ, ಏಳ್ರಿ. ಇಸಿಜಿ ತೆಗೀಬೇಕು."

"ಡಾಕ್ಟರ್ ಹೇಳ್ಯಾರೇನು?"

"ನಾನ ಹೇಳಾಕತ್ತೇನಿ."

"ನೀ ಡಾಕ್ಟರ್ ಏನಬೇ?"

"ಅಲ್ರಿ."

"ಮತ್ತ ಸುಮ್ಮಿರು. ಇವರೆಲ್ಲಾ ನನಗಿಂತ ಮೊದಲ ಬಂದಾರ."

ಪಕ್ಕದಲ್ಲಿದ್ದ ಹೆಂಗಸು, "ಯಪ್ಪಾ, ನೀವ ಹೋಗ್ರಿ, ನನಗ ಬರೇ ನೆಗಡಿ ಐತಿ," ಎಂದಳು.

"ನೆಗಡಿ ಆದ್ರೇನವ್ವಾ, ಪಾಳಿ ಪಾಳೀನ."

ಬೆವರಿಗೆ ಅಂಗಿ ಮೈಗೆ ಅಂಟಿತ್ತು. ನಾನು ರಟ್ಟೆ ಹಿಡಿದರೆ ಕೊಡವಿದರು. ಬೇರೆ ದಾರಿ ಕಾಣದೆ ಮಗಳು ಆಪರೇಷನ್ ಕೋಣೆಯ ಬಾಗಿಲಿಗೆ ಹೋದಳು, ಡಾಕ್ಟರರ ಬಾಯಿಂದಲೇ ಹೇಳಿಸಿಕೊಂಡು ಬಂದಳು.

"ಡಾಕ್ಟರ್ ಹೇಳಿದ್ರು. ಈಗರೆ ಏಳ್ರಿ."

ಅಪ್ಪ ಕೂಡಲೇ ಎದ್ದರು, ವಿಧೇಯರಾಗಿ ತಾವೇ ಅಂಗಿಯ ಗುಂಡಿ ಬಿಚ್ಚತೊಡಗಿದರು. ಎರಡನೆಯ ಗುಂಡಿಗೆ ಕುಸಿದರು. ಮಗಳು ನೆಲದ ಮೇಲೆಯೇ ಎದೆ ಒತ್ತಿ ಒತ್ತಿ ಉಸಿರು ಮರಳಿಸಿದಳು. ಆಗ ಮಾತ್ರ ಅವಳನ್ನು ನೀನು ಯಾರೆಂದು ಯಾರೂ ಕೇಳಲಿಲ್ಲ.

ಅಂಬುಲೆನ್ಸಿನಲ್ಲಿ ವಿಜಯಪುರಕ್ಕೆ ಹೊರಟೆವು. ಮನಗೂಳಿ ಬರುವ ಮೊದಲೇ ಅಪ್ಪ ತೀರಿಕೊಂಡರು.