ಹಳ್ಳದ ಈಚೆಗೆ

ಮೊನ್ನೆ ಮುದ್ದೇಬಿಹಾಳದ ಗ್ಯಾರೇಜಿನಲ್ಲಿ ನನ್ನ ಗಾಡಿಯ ಆಯಿಲ್ ಬದಲಿಸುತ್ತಿದ್ದರು. ಮರಳಿನ ಮೇಲೆ ಚೆಲ್ಲಿದ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ಹಿಂದೊಮ್ಮೆ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ಅಣ್ಣಾರು ನೆನಪಾದರು...

ತೊಂಬತ್ತರ ದಶಕದ ಕೊನೆ. ಬಸವನ ಬಾಗೇವಾಡಿ ಕಡೆಯ ಕಾಲುವೆ ಕಾಮಗಾರಿಯಲ್ಲಿ ನಾನು ಕಿರಿಯ ಎಂಜಿನಿಯರ್. ಹೊರ್ತಿ ಊರಿನವರಾದ ಅಣ್ಣಾರು ಮಿಲಿಟರಿ ಮುಗಿಸಿ ಬಂದು ನಮ್ಮ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಗಾಲ್ಫ್ ಕಲಿತದ್ದೂ ಮಿಲಿಟರಿಯಲ್ಲೇ. ಕಾಮಗಾರಿಯ ಮೇಲಧಿಕಾರಿ ದೊಡ್ಡ ಸಾಹೇಬರಿಗೂ ಅದೇ ಹುಚ್ಚು. ಇಬ್ಬರೂ ಸೇರಿ ಕಾಲನಿಯ ಹಿಂದಿನ ಗರಸುಕಲ್ಲಿನ ಬಯಲನ್ನೇ ಮೈದಾನ ಮಾಡಿದರು. ಹುಲ್ಲೆಲ್ಲಿಂದ ಬರಬೇಕು? ಚೆಂಡು ನಯವಾಗಿ ಉರುಳಿ ಬೀಳಲೆಂದು ಕುಳಿಗಳ ಸುತ್ತ ಮರಳಿಗೆ ಸುಟ್ಟ ಎಣ್ಣೆ ಬೆರೆಸಿ ತಟ್ಟಿದ್ದರು.

ನಾವೆಲ್ಲ ಕುಳಿಯಲ್ಲಿ ನೆಟ್ಟ ಬಾವುಟ ಕಂಡೊಡನೆ ಮೈಯ ಬಲವೆಲ್ಲ ಹಾಕಿ ಬೀಸುವವರು. ಚೆಂಡು ಹೋಗುತ್ತಿದ್ದುದು ಜಾಲಿಯ ಮುಳ್ಳುಕಂಟಿಗೆ. ಅಣ್ಣಾರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ತಮ್ಮಾ, ಝಂಡಾ ನೋಡಬ್ಯಾಡ. ಹೊಡತ ತಪ್ಪಿದ್ರ ಚೆಂಡ ಎಲ್ಲಿ ಬೀಳ್ತೈತಿ, ಅದನ್ನ ನೋಡು. ನಮ್ಮಂಥವ್ರು ಚಲೋ ಹೊಡದು ಗೆಲ್ಲಾಂಗಿಲ್ಲ. ಕೆಟ್ಟ ಹೊಡತ ಕಡಿಮಿ ಮಾಡಿ ಗೆಲ್ತೇವಿ.”

ಆ ಮಾತು ಹಿಡಿದು ಆಡಿದೆ. ನನ್ನ ಆಟ ಸುಧಾರಿಸಿತು. ಒಡಹುಟ್ಟಿದ ಅಣ್ಣನಿಲ್ಲದ ನನಗೆ ಅವರೇ ಅಣ್ಣನಾದರು.

ಒಂದು ಚಳಿಗಾಲ ಸಾಹೇಬರು ಪಂದ್ಯ ಇಟ್ಟರು. ಗೆದ್ದವನನ್ನು ಬೆಳಗಾವಿಗೆ ಕರೆದೊಯ್ದು ನಿಜವಾದ ಹುಲ್ಲಿನ ಮೇಲೆ ಆಡಿಸುತ್ತೇನೆಂದರು. ನನಗೆ ಊಟ ಸೇರದಷ್ಟು ಆಸೆ. ಕೊನೆಯ ಕುಳಿಗೆ ಬರುವಾಗ ಉಳಿದವರೆಲ್ಲ ಹಿಂದೆ ಬಿದ್ದು, ನಾನು, ಅಣ್ಣಾರು ಇಬ್ಬರೇ ಸಮಸಮ ಉಳಿದಿದ್ದೆವು. ಮುಂದೆ ಹಳ್ಳ, ಅದರಾಚೆ ಬಾವುಟ. ಹಳ್ಳ ದಾಟಿಸುವ ಹೊಡೆತ ಆಗ ನನ್ನ ಕೈಗೆ ಹತ್ತಿತ್ತು. ದೂರ ಹೊಡೆಯುವ ದೊಡ್ಡ ಕೋಲಿಗೆ ಕೈ ಹಾಕಿದೆ.

ಅಣ್ಣಾರು ಹತ್ತಿರ ಬಂದು ಮೆಲ್ಲಗೆ ಅಂದರು: “ಗಾಳಿ ಎದುರಿಗೈತಿ ತಮ್ಮಾ. ದಾಟಿಸಾಕ ಹೋಗಬ್ಯಾಡ. ನಾನೂ ಈಚಿಗೇ ಹಾಕಾಂವ.”

ನಾನು ದೊಡ್ಡ ಕೋಲು ಬಿಟ್ಟು ಸಣ್ಣದು ತೆಗೆದುಕೊಂಡೆ. ಚೆಂಡು ಹಳ್ಳದ ಈಚೆಗೆ ಜೋಪಾನವಾಗಿ ಬಿತ್ತು. ಆಮೇಲೆ ಅವರು ನಾನು ಬಿಟ್ಟ ಆ ದೊಡ್ಡ ಕೋಲನ್ನೇ ಎತ್ತಿಕೊಂಡರು. ನನ್ನ ಕಡೆ ನೋಡಲಿಲ್ಲ. ಚೆಂಡು ಹಳ್ಳ ದಾಟಿ ಬಾವುಟದ ಹತ್ತಿರ ಹೋಗಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ...

ಮನೆಗೆ ನಡೆಯುವಾಗ ಕೇಳಿದೆ: “ಈಚಿಗೇ ಹಾಕ್ತೇನಂದಿದ್ರೆಲ್ಲಾ, ಅಣ್ಣಾರ?”

“ಆಟದಾಗ ಎದುರಿಗಿದ್ದಾಂವನ ಮಾತ ನಂಬ್ತಾರೇನೋ?” ಅಂದು ನಕ್ಕರು.

ಅವರು ನನ್ನ ಎದುರಿಗಿದ್ದವರೆಂದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ಪಂದ್ಯ ಗೆದ್ದು ಸಾಹೇಬರೊಡನೆ ಹೋಗಿ ಬಂದ ಅವರು ಬೆಳಗಾವಿಯಿಂದ ಕುಂದಾ ತಂದು ನನ್ನ ಹೆಂಡತಿಯ ಕೈಗಿಟ್ಟು ಹೋದರು. ನಾನು ಅದನ್ನು ಮುಟ್ಟಲಿಲ್ಲ. ಮುಂದೆ ನನಗೆ ಸಿಂದಗಿಗೆ ವರ್ಗವಾಯಿತು. ಹೊರಡುವಾಗ ಅವರಿಗೆ ಹೇಳಿಹೋಗಲೂ ಇಲ್ಲ.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಹೊರ್ತಿಗೆ ಹೋದೆ. ಅವರ ಮಗಳು ಚಹಾ ಕೊಡುತ್ತ ಅಂದಳು: “ಅಪ್ಪ ನಿಮ್ಮನ್ನ ಭಾಳ ನೆನಸ್ತಿದ್ರಿ. ‘ನನ್ನ ಮಾತ ಪೂರಾ ಕೇಳಿದಾಂವ ಅಂದ್ರ ಅವನೊಬ್ಬನೇ’ ಅಂತಿದ್ರಿ.”

ಹೌದಮ್ಮಾ, ಕೇಳಿದ್ದೆ ಅಂದೆ. ಜಗಳವಾಡಬೇಕಾದ ಮನುಷ್ಯನೇ ಈಗಿಲ್ಲ.