ಉದ್ದಣ್ಣನ ಕತ್ತಿನ ಬಿಳಿ

ಏಣಿಯಿಲ್ಲದೆಯೇ ಬಾಗಿಲಿನ ಮೇಲ್ಗೋಡೆಗೆ ಬಣ್ಣ ಬಳಿಯಬಲ್ಲವನಾದ್ದರಿಂದ ಜೊತೆಯ ಪೇಂಟರುಗಳೆಲ್ಲ ಅವನನ್ನು ಉದ್ದಣ್ಣ ಎಂದೇ ಕರೆಯುತ್ತಿದ್ದರು. ಮೈಮೇಲೆ ನೀರುಗುಳ್ಳೆ ಏಳುವ ಕಾಯಿಲೆ ಬಂದು ಅವನು ನಾಲ್ಕು ತಿಂಗಳು ಮನೆಯಲ್ಲಿದ್ದ. ಗುಳ್ಳೆಗಳೇನೋ ಮಾಯ್ದವು, ಆದರೆ ಕತ್ತಿನ ಹಿಂದೆ, ಬೆನ್ನಿನ ಮೇಲೆ, ಅವು ಎದ್ದ ಕಡೆಯಲ್ಲೆಲ್ಲ ಚರ್ಮ ತನ್ನ ಬಣ್ಣ ಕಳೆದುಕೊಂಡು ಸುಣ್ಣದಂತೆ ಬೆಳ್ಳಗಾಯಿತು.

"ಬಣ್ಣ ನಿಧಾನಕ್ಕೆ ಬಂದ್ರೂ ಬರಬಹುದು, ಬರದೇನೂ ಇರಬಹುದು. ಉಜ್ಜೋದು ಮಾತ್ರ ಬೇಡ, ಚರ್ಮ ಕಿತ್ತು ಬರುತ್ತೆ," ಎಂದಿದ್ದರು ಡಾಕ್ಟರು. ಅಂಟುವ ಕಾಯಿಲೆಯಲ್ಲವೆಂದೂ ಹೇಳಿದ್ದರು. ಆದರೂ ಮೇಸ್ತ್ರಿಗೆ ತಿಳಿದರೆ ಕೆಲಸಕ್ಕೇ ಸಂಚಕಾರ ಬಂದೀತೆಂದು ಹೆದರಿದ ಉದ್ದಣ್ಣ, ಕಾಲು ಮುರಿದಿತ್ತೆಂದು ಸುಳ್ಳು ಹೇಳಿ ಕೆಲಸಕ್ಕೆ ಮರಳಿದ.

ಆ ತಂಡದಲ್ಲೊಂದು ರೂಢಿಯಿತ್ತು. ಸಂಜೆ ಎಲ್ಲರೂ ಒಬ್ಬರ ಹಿಂದೊಬ್ಬರು ಕುಳಿತು, ಮುಂದಿನವನ ಕತ್ತಿಗೆ ಸಿಡಿದ ಬಣ್ಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿ ತೆಗೆಯಬೇಕು.

ಮರಳಿದ ದಿನ ಸಂಜೆ ಅವನ ಹಿಂದೆ ಕುಳಿತಿದ್ದ ಕುಳ್ಳನೆಂಬ ಜೊತೆಗಾರ ಬಟ್ಟೆ ಎತ್ತಿದನೋ ಇಲ್ಲವೋ, ಉದ್ದಣ್ಣ ಚೇಳು ಕುಟುಕಿದವನಂತೆ ಎದ್ದು ನಿಂತ.

"ಬೇಡ ಬಿಡೋ. ನಾಳೆ ಮತ್ತೆ ಆಗೋದೇ ತಾನೆ."

"ಕೂತ್ಕೋ ಮಾರಾಯ. ಅರ್ಧ ಬಕೆಟ್ ಸುರ್ಕೊಂಡಿದ್ದೀಯ."

ನಿಂತವನ ಕತ್ತು ಕುಳ್ಳನಿಗೆ ಎಟುಕಲಿಲ್ಲ. ಬಕೆಟ್ಟನ್ನು ಬೋರಲು ಹಾಕಿ ಹತ್ತಿದ. ಉದ್ದಣ್ಣ ಓಡಿದ. ಕುಳ್ಳ ಬಟ್ಟೆ ಹಿಡಿದು ಕೋಣೆಯ ಸುತ್ತ ಅಟ್ಟಿಸಿಕೊಂಡು ಹೋದ.

ಗದ್ದಲಕ್ಕೆ ಬಂದ ಮೇಸ್ತ್ರಿ ಒಮ್ಮೆ ಉದ್ದಣ್ಣನ ಕತ್ತನ್ನು ನೋಡಿದ, ಒಮ್ಮೆ ಗೋಡೆಯನ್ನು ನೋಡಿದ. ಆ ಮನೆಗೆ ವಾರದಿಂದ ಬಳಿಯುತ್ತಿದ್ದುದು ಬರೀ ನೀಲಿ.

"ಈ ಬಿಳಿ ಎಲ್ಲಿಂದ ಬಂತೋ? ಕಾಲು ಮುರಿದಿತ್ತು ಅಂತ ಹೇಳಿ ಎದುರು ಬೀದಿ ಮೇಸ್ತ್ರಿ ಹತ್ರ ಹೋಗ್ತಿದ್ಯಾ? ಇನ್ಮೇಲೆ ಅಲ್ಲಿಗೇ ಹೋಗು."

ಉದ್ದಣ್ಣ ಕಕ್ಕಾಬಿಕ್ಕಿಯಾದ. ಯಾವ ಕೆಲಸ ಉಳಿಯಲೆಂದು ಕಾಯಿಲೆಯನ್ನು ಮುಚ್ಚಿಟ್ಟಿದ್ದನೋ ಆ ಕೆಲಸವೇ ಕೈತಪ್ಪುತ್ತಿತ್ತು. ಬೇರೆ ದಾರಿ ಕಾಣದೆ ಅಂಗಿ ಬಿಚ್ಚಿ, ಬೆನ್ನು ತೋರಿಸಿ, ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದ.

ಮೇಸ್ತ್ರಿ ಕನ್ನಡಕ ಏರಿಸಿ, ಹಳೆಯ ಗೋಡೆಯನ್ನು ಪರೀಕ್ಷಿಸುವಂತೆ ಆ ಬೆನ್ನನ್ನು ಪರೀಕ್ಷಿಸಿದ.

"ಅಂದ್ರೆ ಅವನ ಹತ್ರ ಹೋಗಿಲ್ಲ?"

"ಇಲ್ಲಣ್ಣ."

"ಆಣೆ?"

"ನಿಮ್ಮಾಣೆ."

"ಮೊದಲೇ ಹೇಳೋಕೆ ಏನೋ ದಾಡಿ ನಿಂಗೆ?" ಎಂದ ಮೇಸ್ತ್ರಿ ಕುಳ್ಳನ ಕೈಯಿಂದ ಬಟ್ಟೆ ಕಸಿದುಕೊಂಡ. "ನೋಡು, ಇವನ ಮೈಮೇಲೆ ನೀಲಿ ಕಂಡ್ರೆ ಸೋಪಿನ ನೀರಲ್ಲಿ ಮೆತ್ತಗೆ ತೊಳಿ. ಬಿಳಿ ಕಂಡ್ರೆ ಕೈ ಕಟ್ಕೊಂಡು ಕೂತ್ಕೋ."

"ಆಯ್ತಣ್ಣ. ಆದ್ರೆ ಮುಂದಿನ ವಾರ ಛಾವಣಿಗೆ ಬಿಳಿ ಬಳೀಬೇಕಲ್ಲ, ಆಗ?"

ಮೇಸ್ತ್ರಿ ಗಡ್ಡ ಕೆರೆದುಕೊಂಡ. ಮರುದಿನ ಬೆಳಿಗ್ಗೆ ಮನೆಯ ಯಜಮಾನಿಯ ಬಳಿಗೆ ಹೋಗಿ, ಛಾವಣಿಗೂ ನೀಲಿಯೇ ಒಪ್ಪುತ್ತದೆಂದು ಒಂದು ಗಂಟೆ ವಾದ ಮಾಡಿದ.