ಬಿಳಿ ಮೇಕೆಯ ಹಾಲು

ಸಾಸಿಯಾಳ ತಾಯಿ ಅವಳನ್ನು ಹೆತ್ತ ಒಂಬತ್ತನೇ ದಿನಕ್ಕೆ ಸತ್ತಳು. ಅಪ್ಪ ತುನಿಸ್ ಪಟ್ಟಣದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಜೆರ್ಬಾ ದ್ವೀಪದ ಗಂಡಸರೆಲ್ಲ ಹಾಗೇ, ಅಂಗಡಿ ಅಲ್ಲಿ, ಹೆಂಡಿರು ಮಕ್ಕಳು ಇಲ್ಲಿ. ಕೂಸು ಅಜ್ಜಿಯ ಮಡಿಲಲ್ಲಿ ಅತ್ತೂ ಅತ್ತೂ ನೀಲಿಗಟ್ಟಿತು. ಮೇಕೆ ಹಾಲು ಕುಡಿಸಿ ನೋಡಿದರು. ಕಕ್ಕಿತು. ಮೂರನೇ ದಿನ ಅಜ್ಜಿ ಹಿತ್ತಲ ಗುಡಿಸಲಿನ ಯಾಖೂತಾಳನ್ನು ಕರೆಸಿದಳು.

ಯಾಖೂತಾ ಕರಿಯರವಳು. ಅವಳ ಅಜ್ಜನನ್ನು ಸಾಸಿಯಾಳ ಮುತ್ತಜ್ಜ ದುಡ್ಡು ಕೊಟ್ಟು ತಂದಿದ್ದ. ಆಮೇಲೆ ಬಿಡುಗಡೆ ಆಯಿತು. ಬಿಡುಗಡೆ ಆದವರು ಹೋಗುವುದೆಲ್ಲಿಗೆ? ಅದೇ ಹಿತ್ತಲು, ಅದೇ ಆಲಿವ್ ತೋಟ, ಅದೇ ಮನೆಯ ಮುಸುರೆ. ಅವಳ ಕಂಕುಳಲ್ಲಿ ನಾಲ್ಕು ತಿಂಗಳ ಗಂಡು ಕೂಸಿತ್ತು, ಮರ್ಜೂಕ್. ಒಂದು ಎದೆಗೆ ಅವನು, ಇನ್ನೊಂದು ಎದೆಗೆ ಇವಳು. ಒಂದೂವರೆ ವರ್ಷ ಹೀಗೇ ನಡೆಯಿತು.

ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರ ಲೆಕ್ಕ. ಮದುವೆ ಆಗುವಂತಿಲ್ಲ, ಮುಸುಕು ಬೇಕಿಲ್ಲ, ಸಾಯುವ ತನಕ ಒಬ್ಬರ ಮನೆಗೆ ಒಬ್ಬರು ಕೇಳದೆ ಹೋಗಬಹುದು. ಅದು ದೇವರು ಹಾಕಿದ ನಂಟು. ಸಾಸಿಯಾ ಯಾಖೂತಾಳನ್ನು ಹಾಲಮ್ಮ ಎಂದೇ ಕರೆಯುತ್ತಿದ್ದಳು. ಯಾಖೂತಾ ಇಬ್ಬರಿಗೂ ಒಂದೇ ಬಟ್ಟಲಲ್ಲಿ ಕಲಸಿ ತುತ್ತು ಕೊಡುವಳು. ಯಾರಾದರೂ ಮುಖ ಸಿಂಡರಿಸಿದರೆ, "ಎರಡೂ ಬಾಯಿ ನಂದೇ ಕಣ್ರಮ್ಮ" ಅನ್ನುವಳು.

ಮರ್ಜೂಕನ ಅಪ್ಪ ಆಕ್ಟೋಪಸ್ ಹಿಡಿಯುತ್ತಿದ್ದ. ಮಣ್ಣಿನ ಗಡಿಗೆಗಳನ್ನು ಹಗ್ಗಕ್ಕೆ ಸಾಲಾಗಿ ಕಟ್ಟಿ ಸಮುದ್ರಕ್ಕೆ ಇಳಿಬಿಡುವನು. ಮನೆ ಸಿಕ್ಕಿತೆಂದು ಅದು ಗಡಿಗೆಯೊಳಗೆ ಸೇರುತ್ತದೆ. ಬೆಳಿಗ್ಗೆ ಎಳೆದರೆ ಸಿಕ್ಕಿತು. ಮೆತ್ತಗಾಗಲು ಅದನ್ನು ಬಂಡೆಗೆ ನಲವತ್ತು ಸಲ ಬಡಿಯಬೇಕು. ಬಡಿಯುವುದು ಮರ್ಜೂಕನ ಕೆಲಸ, ಎಣಿಸುವುದು ಸಾಸಿಯಾಳದು. ಅವಳು ಶಾಲೆಗೆ ಹೋಗುತ್ತಿದ್ದಳು, ಅವನು ಹೋಗುತ್ತಿರಲಿಲ್ಲ.

"ಲೇ ಸಾಸೀ, ಮೂವತ್ತೊಂದು ಎರಡು ಸಲ ಹೇಳಿದೆ."

"ನೀನ್ಯಾವಾಗ ಲೆಕ್ಕ ಕಲಿತಿದ್ದೋ?"

"ನನ್ನ ಕೈಗೆ ಗೊತ್ತು. ನೋಯೋದು ನಂದಲ್ವ!"

ಸಾಸಿಯಾಗೆ ಹನ್ನೆರಡು ತುಂಬಿದ ಬೇಸಿಗೆಯಲ್ಲಿ ನಫೀಸಾ ಅತ್ತೆ ಪಟ್ಟಣದಿಂದ ಬಂದಳು. ಅವಳು ಅಪ್ಪನ ತಂಗಿ. ಜೊತೆಗೆ ಇಬ್ಬರು ಹೆಣ್ಣುಮಕ್ಕಳು, ಕಾಲಿಗೆ ಬಿಳಿ ಕಾಲುಚೀಲ. ಮೊದಲ ದಿನದಿಂದಲೇ ಆ ಹುಡುಗಿಯರು ಸಾಸಿಯಾಳ ಬೆನ್ನು ಹತ್ತಿದರು.

"ಕರಿಯಳ ಹಾಲು ಕುಡಿದೋಳಂತೆ. ಅದಕ್ಕೇ ತುಟಿ ದಪ್ಪ."

"ಒಳಗಿಂದ ಕಪ್ಪಾಗ್ತಾ ಬರುತ್ತಂತೆ ಕಣೆ. ಮೊದಲು ಉಗುರು."

ಸಾಸಿಯಾ ಬಚ್ಚಲಿಗೆ ಹೋಗಿ ಉಗುರು ನೋಡಿಕೊಂಡಳು. ಮಾರನೇ ದಿನವೂ ನೋಡಿಕೊಂಡಳು.

ನಾಲ್ಕನೇ ದಿನ ಮಧ್ಯಾಹ್ನ ಚಾಪೆಯ ಮೇಲೆ ರವೆಯ ಕುಸ್ಕುಸ್ ಬಡಿಸಿದ್ದರು. ಮರ್ಜೂಕ್ ಎಂದಿನ ಹಾಗೆ ಒಳಗೆ ಬಂದು ಸಾಸಿಯಾಳ ಪಕ್ಕ ಕೂತು ಅವಳ ಬಟ್ಟಲಿಗೆ ಕೈ ಹಾಕಿದ. ಅತ್ತೆಯ ಚಮಚ ನಿಂತಿತು.

"ಇದೇನಮ್ಮ? ಮೀಸೆ ಚಿಗುರ್ತಿರೋ ಹುಡುಗನ ಜೊತೆ ಒಂದೇ ಬಟ್ಟಲು? ಹಾಗಾದ್ರೆ ಮಕ್ಕಳು ಹೇಳಿದ್ದು ನಿಜಾನಾ? ನಮ್ಮಣ್ಣನ ಮಗಳಿಗೆ ಕರಿಯಳ ಹಾಲು ಕುಡಿಸಿದ್ದೀಯಾ? ನಾಳೆ ಇವಳನ್ನ ಹೆಣ್ಣು ಕೇಳೋಕೆ ಬಂದೋರಿಗೆ ಏನಂತ ಹೇಳ್ತೀಯ?"

ಅಜ್ಜಿ ಬಾಯಿ ತೆರೆಯುವ ಮೊದಲೇ ಸಾಸಿಯಾ ಹೇಳಿದಳು.

"ಸುಳ್ಳು. ನಾನು ಮೇಕೆ ಹಾಲು ಕುಡಿದು ಬೆಳೆದೋಳು. ಅವಳ ಹಾಲು ನಾನು ಮುಟ್ಟಿಲ್ಲ."

ಹೇಳಿ ತಲೆ ಎತ್ತಿದಳು. ಬಾಗಿಲಲ್ಲಿ ಯಾಖೂತಾ ಕೈತೊಳೆಯುವ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

"ಏನೇ ಯಾಖೂತಾ," ಅತ್ತೆ ಕೇಳಿದಳು, "ಹುಡುಗಿ ಹೇಳೋದು ನಿಜವಾ?"

ಯಾಖೂತಾ ಸಾಸಿಯಾಳ ಮುಖ ನೋಡಿದಳು. ಬೈಯುವ ನೋಟ ಅಲ್ಲ. ಬಿದ್ದ ಮಗುವಿಗೆ ಎಲ್ಲಿ ಪೆಟ್ಟಾಯಿತು ಎಂದು ನೋಡುವ ಹಾಗೆ ನೋಡಿದಳು.

"ನಿಜ ಲಲ್ಲಾ," ಅಂದಳು. ಯಜಮಾನಿಯರನ್ನು ಅವರು ಹಾಗೇ ಕರೆಯುವುದು. "ಬಿಳಿ ಮೇಕೆ. ಒಳ್ಳೇ ಹಾಲು ಕೊಡ್ತಿತ್ತು, ಪಾಪ."

ಅಜ್ಜಿ ಜಪಮಣಿಯ ಮೇಲಿಂದ ಕಣ್ಣು ಎತ್ತಲಿಲ್ಲ.

"ಹಾಗಾದ್ರೆ ಈ ಹುಡುಗ ಹೊರಗಿನೋನು," ಅಂದಳು ಅತ್ತೆ. "ಏಳೋ."

ಮರ್ಜೂಕ್ ಎದ್ದ. ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ವಾಪಸು ಹಾಕಿದ. ಕೈಯನ್ನು ಅಂಗಿಗೆ ಒರೆಸಿಕೊಂಡು ಹೋದ.

ಮಾರನೇ ಬೆಳಿಗ್ಗೆ ಸಾಸಿಯಾ ಬಂಡೆಯ ಹತ್ತಿರ ಹೋದಳು. ಅವನು ಬಡಿಯುತ್ತಿದ್ದ. ಇವಳು ಒಂದು, ಎರಡು ಎಂದು ಶುರು ಮಾಡಿದಳು. ಅವನು ಬಡಿಯುವುದನ್ನು ನಿಲ್ಲಿಸಿದ.

"ಮನೆಗೆ ಹೋಗಿ ಲಲ್ಲಾ. ಹೊರಗಿನ ಗಂಡಸರ ಹತ್ರ ನಿಲ್ಲಬಾರದು."

ಅಲ್ಲಿಗೆ ಅವಳ ಮಕ್ಕಳಾಟ ಮುಗಿಯಿತು.

ಹದಿನೆಂಟಕ್ಕೆ ಯೂನೆಸನ ಜೊತೆ ಮದುವೆ ಆಯಿತು. ಅವನದೂ ಪಟ್ಟಣದಲ್ಲಿ ಅಂಗಡಿ, ಅವಳು ಅಜ್ಜಿಯ ಮನೆಯಲ್ಲೇ ಉಳಿದಳು. ವರ್ಷಕ್ಕೆ ಒಂದು ತಿಂಗಳು ಊರಿಗೆ ಬರುವನು, ಮುದುಕನಾದ ಮೇಲೆ ಬಂದು ಇಲ್ಲೇ ಉಳಿದ. ಮೇಕೆ ಹಾಲಿನ ಕಥೆ ಅವನ ಕಿವಿಗೆ ಯಾರೋ ಹಾಕಿದ್ದರು. ಮೊದಲ ರಾತ್ರಿಯೇ "ಬಾರೇ ನನ್ನ ಮೇಕೆಮರಿ" ಅಂದ. ಕಾಗದದಲ್ಲೂ ಹಾಗೇ ಬರೆಯುತ್ತಿದ್ದ, ಫೋನಿನಲ್ಲೂ ಹಾಗೇ ಕರೆಯುತ್ತಿದ್ದ. ಒಳ್ಳೆಯ ಗಂಡ. ಒಂದು ದಿನವೂ ಕೈ ಎತ್ತಿದವನಲ್ಲ. ಅವನಿಗೆ ಹೇಳಿದ್ದರೆ ನಕ್ಕು, ಹೋಗಿ ಕರಕೊಂಡು ಬಾ ನಿನ್ನ ಅಣ್ಣನ್ನ ಅನ್ನುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಆದರೂ ನಾಲಿಗೆ ಹೊರಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು.

ಯಾಖೂತಾ ಸತ್ತಾಗ ಸಾಸಿಯಾ ಆಳಿನ ಕೈಯಲ್ಲಿ ಒಂದು ಮೂಟೆ ರವೆ ಕಳಿಸಿದಳು. ಮಗಳಾಗಿ ಹೋಗಿ ಮೈ ತೊಳೆಯಬೇಕಾಗಿತ್ತು. ರವೆ ಕಳಿಸಿದಳು.

ಯೂನೆಸ್ ಆಲಿವ್ ಕೊಯ್ಲಿನ ಹೊತ್ತಿಗೆ ಸತ್ತ. ಮರದ ಕೆಳಗೆ ಬಟ್ಟೆ ಹಾಸುತ್ತಿದ್ದವನು ಹಾಗೇ ಅದರ ಮೇಲೆ ಮಲಗಿಬಿಟ್ಟ. ನಲವತ್ತಮೂರು ವರ್ಷ ಅವಳನ್ನು ಸುಳ್ಳು ಹೆಸರು ಹಿಡಿದು ಕರೆದು, ನಿಜ ತಿಳಿಯದೆ ಹೋದ. ಅವನ ಚಪ್ಪಲಿಯನ್ನು ಬಾಗಿಲಿನಿಂದ ಎತ್ತಲು ಅವಳು ಯಾರಿಗೂ ಬಿಡಲಿಲ್ಲ.

ಇದ್ದತ್ ಶುರುವಾಯಿತು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಹತ್ತನೇ ದಿನ ಹೆಂಗಸರು ತುಂಬಿ ಕೂತಿದ್ದರು. ಗೋಡೆಗೆ ಒರಗಿ ನಫೀಸಾ ಅತ್ತೆಯೂ ಇದ್ದಳು. ತೊಂಬತ್ತು ದಾಟಿತ್ತು, ಕಿವಿ ಹೋಗಿತ್ತು, ಬಾಯಿ ಹೋಗಿರಲಿಲ್ಲ. ಸಾಸಿಯಾಳ ಮಗಳು ಸಾಲ್ಹಾ ಒಳಗೆ ಬಂದಳು.

"ಅಮ್ಮಾ, ಹಿತ್ತಲ ಬಾಗಿಲಿಗೆ ಮರ್ಜೂಕ್ ಬಂದಿದ್ದಾನೆ. ನಿನಗೇ ಎರಡು ಮಾತು ಹೇಳಿ ಹೋಗ್ತಾನಂತೆ. ಹೊರಗಿನ ಗಂಡಸಲ್ವಾ? ಕಳಿಸಿಬಿಡ್ಲಾ?"

ಇವತ್ತೂ ಸುಮ್ಮನಿದ್ದರೆ ಇನ್ನು ಹೇಳುವ ದಿನ ಬರುವುದಿಲ್ಲ ಎಂದು ಸಾಸಿಯಾಗೆ ತಿಳಿದಿತ್ತು.

"ಹೊರಗಿನೋನಲ್ಲ. ನಾನು ಅವರಮ್ಮನ ಹಾಲು ಕುಡಿದೋಳು. ನಮ್ಮಣ್ಣ ಅವನು. ಒಳಗೆ ಕರಿ."

"ಏನಂದ್ಲು?" ಅತ್ತೆ ಪಕ್ಕದವಳನ್ನು ಕೇಳಿದಳು. "ಯಾರು ಸತ್ತರು?"

"ಯಾಖೂತಾಳ ಹಾಲು, ಅತ್ತೆ," ಸಾಸಿಯಾಳೇ ಅಂದಳು.

"ಯಾಖೂತಾಳ ಸಾಲಾ?"

"ಹಾಲು! ಯಾಖೂತಾಳ ಎದೆ ಹಾಲು! ನಾನು ಕುಡಿದೆ! ಮೇಕೆದಲ್ಲ!"

ಅತ್ತೆ ಕಣ್ಣು ಕಿರಿದು ಮಾಡಿದಳು.

"ಅದಕ್ಯಾಕೆ ಹಿಂಗೆ ಕಿರುಚ್ತೀಯ? ನನಗೆ ಆವತ್ತೇ ಗೊತ್ತಿತ್ತು. ಈಗ ಹೇಳಿದ್ರೇನು ಬಂತು? ನಿನ್ನನ್ನ ಇನ್ಯಾರು ಹೆಣ್ಣು ಕೇಳೋಕೆ ಬರ್ತಾರೆ?"

ಯಾರೋ ಸೆರಗಿನಲ್ಲಿ ನಕ್ಕರು. ಸಾಸಿಯಾ ಎದ್ದು ಬಾಗಿಲ ಪರದೆಯ ಬಳಿ ಹೋದಳು. ಪರದೆಯ ಕೆಳಗೆ ಎರಡು ಬರಿಗಾಲು ಕಂಡವು, ಉಪ್ಪುನೀರಿಗೆ ಬಿರಿದವು.

"ಮರ್ಜೂಕ್, ಒಳಗೆ ಬಾ."

"ಬೇಡ ಲಲ್ಲಾ. ಇಲ್ಲೇ ಸಾಕು."

"ನಾನು ಹೇಳಿದ್ದು ಕೇಳಿಸ್ತಲ್ಲ?"

"ಕೇಳಿಸ್ತು. ಸಮುದ್ರದ ಮೀನಿಗೂ ಕೇಳಿಸಿರುತ್ತೆ."

"ಮತ್ತೆ ಬಾ."

ಬರಿಗಾಲು ಅಲುಗಲಿಲ್ಲ.

"ನಮ್ಮಮ್ಮ ಹುಟ್ಟಿದ ಮೇಲೆ ಹೇಳಿದ ಸುಳ್ಳು ಅದೊಂದೇ. ಸಾಯೋವಾಗ, ಸಾಸಿಯಾನ ಕರೀಲಾ ಅಂತ ಕೇಳಿದೆ. ಬೇಡ, ಆ ಹುಡುಗಿ ಮೇಕೆ ಹಾಲಿಂದು ಅಂದ್ಲು. ಅಲ್ಲೀವರೆಗೂ ಮಾತು ಕಾಪಾಡಿದಾಳೆ. ಈಗ ನಾನು ಒಳಗೆ ಕಾಲಿಟ್ಟು ಅವಳನ್ನ ಸುಳ್ಳಿ ಮಾಡ್ಲಾ? ನನ್ನ ಕೈಲಾಗಲ್ಲ."

ಪರದೆಯ ಕೆಳಗಿನಿಂದ ಒಂದು ಒದ್ದೆ ಗಂಟು ಒಳಗೆ ಸರಿಯಿತು.

"ಯೂನೆಸ್ ಒಳ್ಳೇ ಮನುಷ್ಯ. ದೇವರು ಅವನ ಮಣ್ಣು ತಂಪಾಗಿಡಲಿ. ಅವನು ಇದನ್ನ ಇಷ್ಟಪಟ್ಟು ತಿಂತಿದ್ದ."

ಗಂಟಿನಲ್ಲಿ ಆಕ್ಟೋಪಸ್ ಇತ್ತು.

"ನಲವತ್ತಾ?" ಅವಳು ಕೇಳಿದಳು.

"ಗೊತ್ತಿಲ್ಲ. ಎಣಿಸೋರು ಇರಲಿಲ್ಲ."

ಬರಿಗಾಲು ಹೊರಟುಹೋದವು. ಅವಳು ಪರದೆ ಹಿಡಿದು ನಿಂತಳು. ದಾಟುವಂತಿರಲಿಲ್ಲ, ಇದ್ದತ್. ಅವನ ಗುಡಿಸಲು ಹಿತ್ತಲ ಗೋಡೆಯಾಚೆ, ಮೂವತ್ತು ಹೆಜ್ಜೆ. ಐವತ್ತು ವರ್ಷ ಯಾವ ಇದ್ದತ್ತೂ ಅವಳನ್ನು ತಡೆದಿರಲಿಲ್ಲ.

ಸಾಲ್ಹಾ ಅದನ್ನು ಟೊಮೆಟೊ ಹಾಕಿ ಬೇಯಿಸಿ ಬಡಿಸಿದಳು. ನಫೀಸಾ ಅತ್ತೆ ಹಲ್ಲಿಲ್ಲದ ಬಾಯಲ್ಲಿ ಅಗಿದು ತಲೆದೂಗಿದಳು.

"ಬೆಣ್ಣೆ ಹಾಗಿದೆ ಕಣೇ. ಯಾರು ಬಡಿದಿದ್ದು?"

ಸಾಸಿಯಾ ಹೇಳಿದಳು. ಅತ್ತೆಗೆ ಕೇಳಿಸಲಿಲ್ಲ, ಇನ್ನೊಂದು ತುಂಡು ಬೇಕೆಂದು ತಟ್ಟೆ ಮುಂದೆ ಚಾಚಿದಳು. ಸಾಸಿಯಾ ತನ್ನ ತಟ್ಟೆಯಲ್ಲಿದ್ದದ್ದನ್ನೇ ಎತ್ತಿ ಅವಳಿಗೆ ಹಾಕಿದಳು.